ಪಿಕಪ್ ಮೇಲೆ ಗೂಬೆ ಕೂರಿಸೋಕೆ ಮುಂಚೆ

'ಅಣ್ಣಾ, ಸ್ಟಾಕ್ ಪಿಕಪ್ ಶುದ್ಧ ಡಬ್ಬಾ, ಕಿತ್ತಾಕಿ ಇದನ್ನ ಹಾಕ್ಕೊಡಿ' ಅಂತ ಹೋದ ತಿಂಗಳು ಒಬ್ಬ ಹುಡುಗ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಥರದ ಗಿಟಾರ್ ಒಂದನ್ನ, ಜೊತೆಗೆ ಸೀಲ್ ಕೂಡ ಒಡೀದಿರೋ ಹಂಬಕರ್ (ಎರಡು ಕಾಯಿಲ್ ಇರೋ ಪಿಕಪ್) ಜೋಡಿ ಬಾಕ್ಸ್‌ನ ತಂದು ನನ್ನ ಬೆಂಚ್ ಮೇಲಿಟ್ಟ. ಈ ಡೈಲಾಗ್ ನನಗೆ ಹೊಸದಲ್ಲ, ಗಿಟಾರ್ ರಿಪೇರಿ ಶುರು ಮಾಡಿದಾಗಿಂದ ಕೇಳ್ತಾನೇ ಇದೀನಿ. ಪಿಕಪ್ ಅಂದ್ರೆ ತಂತಿಯ ಅಲುಗಾಟನ ಸಿಗ್ನಲ್ ಮಾಡೋ ಮ್ಯಾಗ್ನೆಟ್ಟು ಕಾಯಿಲ್ಲು, ಸ್ಟಾಕ್ ಅಂದ್ರೆ ಗಿಟಾರ್ ಜೊತೆಗೇ ಕಂಪನಿಯಿಂದ ಬಂದದ್ದು. ಏನಪ್ಪಾ ತೊಂದರೆ ಅಂದ್ರೆ, ನೆಕ್ ಪಿಕಪ್ (ಗಿಟಾರ್ ಕತ್ತಿನ ಕಡೆದು) ಕಂಬಳಿ ಹೊದ್ದುಕೊಂಡು ಮಾತಾಡ್ದಂಗಿದೆ, ಬ್ರಿಡ್ಜ್ ಪಿಕಪ್‌ಗೆ (ತಂತಿಗಳು ಕೂರೋ ಬ್ರಿಡ್ಜ್ ಕಡೆದು) ಜೀವನೇ ಇಲ್ಲ ಅಂದ.

ನಾನು ಬಾಕ್ಸ್ ಮುಟ್ಟಲಿಲ್ಲ. ಮೊದಲು ಸ್ಟೀಲ್ ಸ್ಕೇಲ್ ತಗೊಂಡು, ದಪ್ಪ ತಂತಿನ ಕೊನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಒತ್ತಿಹಿಡಿದು, ಪಿಕಪ್‌ನ ಸ್ಕ್ರೂ ತಲೆಯಿಂದ ತಂತಿಯ ತಳಕ್ಕೆ ಎಷ್ಟು ಗ್ಯಾಪ್ ಇದೆ ನೋಡಿದೆ. ನೆಕ್ ಕಡೆ 1 ಮಿ.ಮೀ ಕೂಡ ಇಲ್ಲ, ಬ್ರಿಡ್ಜ್ ಕಡೆ ಹತ್ತತ್ರ 4 ಮಿ.ಮೀ! ಗಿಬ್ಸನ್‌ನವರು ಹೇಳೋ ಲೆಕ್ಕ ನೆಕ್‌ಗೆ ಸುಮಾರು 2.4, ಬ್ರಿಡ್ಜ್‌ಗೆ 1.6. ತಂತಿ ನೆಕ್ ಹತ್ರ ಜಾಸ್ತಿ ಅಗಲಕ್ಕೆ ಅಲ್ಲಾಡುತ್ತೆ, ಅಲ್ಲಿ ಸಿಗ್ನಲ್ ತಾನಾಗೇ ಜೋರು, ಅದಕ್ಕೇ ಆ ಪಿಕಪ್ ಕೆಳಗಿರಬೇಕು. ಇವನದ್ದು ಪೂರ್ತಿ ಉಲ್ಟಾ. ಪಕ್ಕದ ಸ್ಕ್ರೂಗಳನ್ನ ನಾಲ್ಕಾರು ಸುತ್ತು ತಿರುಗಿಸಿ ನೆಕ್ ಇಳಿಸಿ ಬ್ರಿಡ್ಜ್ ಏರಿಸಿದೆ. ಕಂಬಳಿ ಅರ್ಧ ಸರೀತು.

ಇನ್ನರ್ಧ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಕೆಳಗಿತ್ತು. ಪಿಕಪ್ ವೈರ್ ಬಿಡಿಸಿ ವಾಲ್ಯೂಮ್ ಪಾಟ್‌ಗೆ (ನಾಬ್ ಕೆಳಗಿನ ರೆಸಿಸ್ಟರ್) ಮೀಟರ್ ಇಟ್ರೆ 243 ಕಿಲೋ ಓಮ್, ಅಂದ್ರೆ ಯಾರೋ ಹಿಂದೆ ರಿಪೇರಿ ಮಾಡಿದವರು 250ರ ಪಾಟ್ ಕೂರಿಸಿದಾರೆ, ಟೋನ್ ಪಾಟೂ ಅದೇ. ಅದು ಸಿಂಗಲ್ ಕಾಯಿಲ್ ಪಿಕಪ್‌ಗೆ ಸರಿ, ಹಂಬಕರ್‌ಗೆ ಸಾಮಾನ್ಯವಾಗಿ ಹಾಕೋದು 500. ನಾಬ್ ಫುಲ್ ಇಟ್ರೂ ಪಾಟ್ ಅನ್ನೋದು ಸಿಗ್ನಲ್‌ನಿಂದ ಗ್ರೌಂಡ್‌ಗೆ ಒಂದು ಸಣ್ಣ ದಾರಿ ಬಿಟ್ಟೇ ಇರುತ್ತೆ, ಆ ದಾರಿ ಎಷ್ಟು ಸಲೀಸಾಗಿರುತ್ತೋ ಮೇಲಿನ ಟ್ರೆಬಲ್ ಅಷ್ಟು ಮಂಕಾಗುತ್ತೆ. ನಾಲ್ಕು ಪಾಟ್ ಬದಲಾಯಿಸಿ ಹುಡುಗನ ಕೈಗೆ ಕೊಟ್ಟೆ. ಇಪ್ಪತ್ತು ನಿಮಿಷ ಮಾತೇ ಆಡದೆ ನುಡಿಸಿ, 'ಅದೇ ಪಿಕಪ್ಪಾ ಅಣ್ಣಾ ಇದು?' ಅಂದ. ಅದೇನೇ. ಬಾಕ್ಸ್ ಸೀಲ್ ಸಮೇತ ವಾಪಸ್ ಹೋಯ್ತು. (ನಾಲ್ಕೂ ಪಾಟ್ ಸೇರಿದ್ರೂ ಅವನು ತಂದಿದ್ದ ಒಂದು ಪಿಕಪ್‌ನ ಅರ್ಧ ಬೆಲೆ ಆಗಲ್ಲ. ನನ್ನ ಸಂಪಾದನೆಗೆ ಇದು ಒಳ್ಳೇದಲ್ಲ, ಇರಲಿ.)

ಸ್ಟಾಕ್ ಅಂದ್ರೆ ಕೀಳು ಅನ್ನೋ ಮಾತು ಕೇಳಿದಾಗೆಲ್ಲ ನನಗೆ ನಗು ಬರುತ್ತೆ, ಯಾಕಂದ್ರೆ ಇವತ್ತು ಜನ ಲಕ್ಷಗಟ್ಟಲೆ ಕೊಟ್ಟು ಹುಡುಕೋ ಪಿಎಎಫ್ ('ಪೇಟೆಂಟ್ ಅಪ್ಲೈಡ್ ಫಾರ್' ಸ್ಟಿಕ್ಕರ್‌ನ ಹಳೇ ಗಿಬ್ಸನ್) ಹಂಬಕರ್ ಕೂಡ ಸ್ಟಾಕ್ ಪಿಕಪ್ಪೇ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ರು, 1957ರ ಹೊತ್ತಿಗೆ ಅದು ಲೆಸ್ ಪಾಲ್‌ಗಳಲ್ಲಿ ಬಂತು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆ ಕಾಲದ್ದರಲ್ಲಿ ಕಾಯಿಲ್ ಸುತ್ತುಗಳ ಲೆಕ್ಕ ಒಂದಕ್ಕೊಂದು ಮ್ಯಾಚ್ ಆಗಲ್ಲ, ಮ್ಯಾಗ್ನೆಟ್ಟೂ ಒಂದೇ ಗ್ರೇಡ್ ಅಲ್ಲ. ಆಮೇಲೆ ಅಂಟಿಸಿದ ಸ್ಟಿಕ್ಕರ್ ಮೇಲಿನ ಪೇಟೆಂಟ್ ನಂಬರ್ ಪಿಕಪ್‌ದೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸ್‌ದು (ತಂತಿಗಳ ತುದಿ ಹಿಡಿಯೋ ಭಾಗ)!

ಇನ್ನೊಂದು ಕಾಯಿಲೆ ಓಮ್ ಲೆಕ್ಕ. 'ಇದು 16 ಕೆ (ಕಿಲೋ ಓಮ್), ಸ್ಟಾಕ್ ಬರೀ 8 ಕೆ, ಅಂದ್ರೆ ಡಬಲ್ ಔಟ್‌ಪುಟ್' ಅಂತಾರೆ. ಅಲ್ಲ ಸ್ವಾಮಿ. ಕಾಯಿಲ್‌ಗೆ ಸಣ್ಣ ತಂತಿ ಸುತ್ತಿದ್ರೆ ಸುತ್ತು ಅಷ್ಟೇ ಇದ್ರೂ ಓಮ್ ಏರುತ್ತೆ, 42 ಗೇಜ್‌ಗೂ 44 ಗೇಜ್‌ಗೂ (ನಂಬರ್ ಏರಿದಷ್ಟೂ ತಂತಿ ಸಣ್ಣ) ಹೋಲಿಕೆನೇ ಇಲ್ಲ. ಅಷ್ಟೇ ಯಾಕೆ, ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ 8 ತೋರಿಸಿದ ಪಿಕಪ್ ಏಪ್ರಿಲ್ ಮಧ್ಯಾಹ್ನ ಎಂಟೂವರೆ ಹತ್ರ ತೋರಿಸುತ್ತೆ, ತಾಮ್ರದ ಗುಣವೇ ಅದು. ವೈರ್ ಎಲ್ಲೂ ಕಟ್ ಆಗಿಲ್ಲ ಅಂತ ನೋಡೋಕೆ ಮೀಟರ್ ಬೇಕು, ಟೋನ್ ಹೇಳೋಕೆ ಅಲ್ಲ.

ಅಭಿಪ್ರಾಯಗಳು ಇಷ್ಟು ಹೊಡೆದಾಡೋಕೆ ಕಾರಣ ನುಡಿಸೋ ಜಾಗನೂ ಹೌದು. ಗಿಬ್ಸನ್‌ನ 498ಟಿ ಪಿಕಪ್ ಬಗ್ಗೆ ಒಬ್ಬರು ಕಿವಿ ಕೊರೆಯುತ್ತೆ ಅಂತಾರೆ, ಇನ್ನೊಬ್ಬರು ಡ್ರಮ್ಸ್ ಬೇಸ್ ಮಧ್ಯೆ ಎದ್ದು ಕೇಳೋದೇ ಅದೊಂದು ಅಂತಾರೆ. ಮೊದಲನೆಯವರು ರಾತ್ರಿ ಹನ್ನೊಂದಕ್ಕೆ ಮನೆಯವರಿಗೆ ಕೇಳಿಸದ ಹಾಗೆ ಒಬ್ಬರೇ ಕೂತು ನುಡಿಸೋರು, ಎರಡನೆಯವರು ಬ್ಯಾಂಡ್‌ನವರು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗೇ 'ಹಂಬಕರ್ ಇದ್ರೂ ಗುಂಯ್ ಅಂತಿದೆ' ಅನ್ನೋರ ಮನೆಗೆ ಹೋದ್ರೆ ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ ಕನ್ವರ್ಟರ್ ಸಿಕ್ಕಿಸಿರ್ತಾರೆ, ಅರ್ಥಿಂಗೇ ಇಲ್ಲ. ಎರಡು ಕಾಯಿಲ್‌ನ ಒಂದಕ್ಕೊಂದು ಉಲ್ಟಾ ಸುತ್ತಿ ಮ್ಯಾಗ್ನೆಟ್ ಧ್ರುವನೂ ಉಲ್ಟಾ ಇಟ್ರೆ 50 ಹರ್ಟ್ಸ್ ಹಮ್ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತೆ, ನಿಜ, ಆದ್ರೆ ಅರ್ಥ್ ಇಲ್ಲದ ವೈರಿಂಗ್‌ನ ರಿಪೇರಿ ಮಾಡೋದು ಅದರ ಕೆಲಸ ಅಲ್ಲ.

ಹಾಗಂತ ಎಲ್ಲ ಸ್ಟಾಕೂ ಚಿನ್ನ ಅಂತಿಲ್ಲ. ಅಗ್ಗದ ಗಿಟಾರ್‌ಗಳಲ್ಲಿ ದಪ್ಪ ಹಿತ್ತಾಳೆ ಕವರ್ ಇರೋ ಹಂಬಕರ್ ಬರುತ್ತೆ, ಆ ಕವರ್ರೇ ಸ್ವಲ್ಪ ಟ್ರೆಬಲ್ ತಿನ್ನುತ್ತೆ, ನಿಕಲ್ ಸಿಲ್ವರ್ ಅಷ್ಟು ತಿನ್ನಲ್ಲ. ಆಂಪ್ಲಿಫೈಯರ್‌ನಲ್ಲಿ ಗೇನ್ ಏರಿಸಿದ ತಕ್ಷಣ ಕೀಂ ಅಂತ ಚೀರೋ ಪಿಕಪ್‌ನ ಕಾಯಿಲ್‌ಗೆ ಮೇಣ ಇಳಿಸಿರಲ್ಲ, ತಂತಿ ಒಳಗೇ ನಡುಗ್ತಿರುತ್ತೆ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ತಮ್ಮ ಗಿಬ್ಸನ್ ಹಂಬಕರ್‌ನ ಮೇಣದಲ್ಲಿ ಅದ್ದಿದ್ದು ಈ ಕಾಟಕ್ಕೇ. ನೀವು ಒಲೆ ಮೇಲೆ ಟ್ರೈ ಮಾಡ್ಬೇಡಿ, ಕಾಯಿಲ್ ಸುತ್ತಿರೋ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗಿರೋ ಎರಡು ಕೇಸ್ ನನ್ನ ಹತ್ರ ಬಂದಿವೆ. ಇನ್ನು ಡ್ರಾಪ್ ಟ್ಯೂನಿಂಗ್‌ನಲ್ಲಿ (ತಂತಿಯ ಶ್ರುತಿ ಇಳಿಸಿ) ಮೆಟಲ್ ನುಡಿಸೋರಿಗೆ 1972ರಲ್ಲಿ ಬಂದ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ಥರದ ಜೋರು ಪಿಕಪ್ಪೇ ಬೇಕು ಅಂದ್ರೆ ನಾನು ವಾದ ಮಾಡಲ್ಲ, ಹಾಕ್ಕೊಡ್ತೀನಿ. ಆಗಲೂ ಮೊದಲು ಬ್ರಿಡ್ಜ್ ಒಂದನ್ನೇ ಬದಲಾಯಿಸಿ ಒಂದು ತಿಂಗಳು ನುಡಿಸಿ ನೋಡಿ ಅಂತೀನಿ.

ಕಿತ್ತ ಸ್ಟಾಕ್ ಪಿಕಪ್‌ನ ವೈರ್ ಮಾತ್ರ ಕಟರ್‌ನಲ್ಲಿ ಕತ್ತರಿಸಬೇಡಿ, ಸೋಲ್ಡರ್ ಕರಗಿಸಿ ಪೂರ್ತಿ ಉದ್ದ ಉಳಿಸಿ, ಸ್ಪ್ರಿಂಗು ಸ್ಕ್ರೂ ಸಮೇತ ಕವರ್‌ಗೆ ಹಾಕಿ ನೆಕ್ ಯಾವುದು ಬ್ರಿಡ್ಜ್ ಯಾವುದು ಅಂತ ಬರೆದಿಡಿ. ಗಿರಾಕಿಗಳು ಬೇಡ ಅಂತ ಬಿಟ್ಟು ಹೋದವು ನನ್ನ ಡ್ರಾಯರ್‌ನಲ್ಲಿ ಒಂಬತ್ತು ಇದ್ವು. ಮೂರು ಜನ ಬಂದು ವಾಪಸ್ ಹಾಕಿಸ್ಕೊಂಡು ಹೋದ್ರು, ಈಗ ಆರಿವೆ.