ಬದನೆ ಸಸಿ ಬಾಡಿದ ಕೂಡಲೇ ನೀರಿನ ಕೊಡ ಎತ್ತಬೇಡಿ

"ಅಕ್ಕಾ, ಬದನೆ ಸಸಿ ಕಿತ್ತು ನೆಟ್ಟು ಹದಿನೈದು ದಿನ ಆಯ್ತು, ಬಾಡ್ತಾ ಇದೆ. ಎರಡು ಹೊತ್ತು ನೀರು ಹಾಕ್ತಿದ್ದೀನಿ, ಮೂರು ಹೊತ್ತು ಹಾಕ್ಲಾ?"

ಕಾವೇರಿ ಸಂಕ್ರಮಣದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹೋದ ವರ್ಷವೂ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಈ ಸಲ ದಯವಿಟ್ಟು ಕೊನೆವರೆಗೂ ಓದಿ.

ನೆಡುವ ವಿಷಯ ಬೇಗ ಹೇಳಿಬಿಡುತ್ತೇನೆ. ಸಸಿಗೆ ನಾಲ್ಕರಿಂದ ಆರು ವಾರ ಆಗಿರಬೇಕು, ನಾಲ್ಕೈದು ಎಲೆ ಇರಬೇಕು. ಒಂದು ವಾರ ಮೊದಲೇ ನೀರು ಕಡಿಮೆ ಮಾಡಿ, ಬಿಸಿಲು ಅಭ್ಯಾಸ ಮಾಡಿಸಿ. ಕೀಳುವ ದಿನ ಮಾತ್ರ ಸಸಿಮಡಿ ಚೆನ್ನಾಗಿ ನೆನೆಸಿ, ಬೇರಿನ ಜೊತೆ ಮಣ್ಣೂ ಬರಲಿ. ಸಂಜೆ ನೆಡಿ. ಸಾಲಿನಿಂದ ಸಾಲಿಗೆ ಎರಡೂವರೆ ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ನಮ್ಮ ಕಡೆಯ ಮಳೆಗೆ ಏರುಮಡಿ ಬೇಕೇ ಬೇಕು.

ಈಗ ನೀರಿನ ವಿಷಯ. ಬಾಡಿದೆ ಅಂದರೆ ನೀರು ಸಾಲದು ಅನ್ನುವ ನಂಬಿಕೆಯೇ ಎಷ್ಟೋ ಹಿತ್ತಲುಗಳಲ್ಲಿ ಬದನೆಯನ್ನು ಮುಗಿಸಿದೆ. ನೆಟ್ಟ ಮೊದಲ ಮೂರ್ನಾಲ್ಕು ದಿನ ಸಸಿ ಮಧ್ಯಾಹ್ನ ತಲೆ ಬಗ್ಗಿಸುತ್ತದೆ, ಸಂಜೆಗೆ ಏಳುತ್ತದೆ. ಬೇರು ಇನ್ನೂ ಮಣ್ಣು ಹಿಡಿದಿಲ್ಲ, ಅಷ್ಟೇ. ಪಕ್ಕದಲ್ಲಿ ಸೊಪ್ಪಿನ ರೆಂಬೆ ಚುಚ್ಚಿ ನೆರಳು ಮಾಡಿದರೆ ಸಾಕು. ಆದರೆ ಎರಡು ವಾರ ಚೆನ್ನಾಗಿದ್ದ ಗಿಡ ಎಲೆ ಹಸಿರಾಗಿರುವಾಗಲೇ ಜೋತು ಬಿದ್ದು, ಬೆಳಗ್ಗೆ ಮಂಜು ಇದ್ದಾಗಲೂ ಏಳದಿದ್ದರೆ ಅದು ಸೊರಗು ರೋಗ ಇರಬಹುದು. ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಕಿತ್ತು ನೆಡುವಾಗ ಬೇರಿಗಾದ ಗಾಯದಿಂದ ಒಳಗೆ ಹೋಗುತ್ತದೆ, ಅಲ್ಲಿ ಹೆಚ್ಚಿಕೊಂಡು ನೀರು ಏರುವ ನಾಳಗಳನ್ನೇ ಲೋಳೆಯಿಂದ ಕಟ್ಟಿಬಿಡುತ್ತದೆ. ಪೈಪೇ ಕಟ್ಟಿಕೊಂಡ ಮೇಲೆ ಟ್ಯಾಂಕ್ ತುಂಬಿಸಿ ಏನು ಮಾಡುತ್ತೀರಿ? ಅದೂ ಅಲ್ಲದೆ ನೀವು ಹುಯ್ದ ನೀರು ಹರಿದು ಪಕ್ಕದ ಗಿಡದ ಬುಡಕ್ಕೂ ರೋಗ ತಲುಪಿಸುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಗಾಜಿನ ಲೋಟ ತನ್ನಿ. ಬಾಡಿದ ಗಿಡದ ಬುಡದಿಂದ ಎರಡು ಇಂಚು ಕಾಂಡ ಕತ್ತರಿಸಿ, ತುದಿ ಮಾತ್ರ ಮುಳುಗುವ ಹಾಗೆ ತಿಳಿ ನೀರಿನಲ್ಲಿ ಹಿಡಿದು ಅಲ್ಲಾಡಿಸದೆ ಐದು ನಿಮಿಷ ನೋಡಿ. ನಮ್ಮ ಹಿತ್ತಲಿನ ಗಿಡದಲ್ಲಿ ಮೊದಲ ಸಲ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ದಾರದ ಹಾಗೆ ಮೆಲ್ಲಗೆ ಕೆಳಗಿಳಿಯಿತು, ಸ್ವಲ್ಪ ಹೊತ್ತಿಗೆ ನೀರೆಲ್ಲ ಮಬ್ಬಾಯಿತು. ಆ ಎಳೆ ಕಂಡರೆ ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ, ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕರಿಮೆಣಸಿಗೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬಹುದಾ ಅಂತಲೂ ಕೇಳುತ್ತಾರೆ. ಹೆಸರು ಒಂದೇ ಆದರೂ ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ ಬೇರೆ. ಬದನೆಯಲ್ಲಿ ರೋಗ ಕಾಂಡದ ಒಳಗೆ ಕೂತಿದೆ, ಎಲೆ ಮೇಲೆ ಹೊಡೆದದ್ದು ಅಲ್ಲಿಗೆ ಮುಟ್ಟುವುದಿಲ್ಲ.

ರೋಗ ಬಂದ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ, ಹಸಿಮೆಣಸು, ಆಲೂಗಡ್ಡೆ ಬೇಡ. ಶುಂಠಿ ಸೊರಗಿ ಹೋದ ಗದ್ದೆಯೂ ಬೇಡ, ಅದಕ್ಕೂ ಇದೇ ಜಾತಿಯ ಬ್ಯಾಕ್ಟೀರಿಯಾ ಕಾರಣ. ತಳಿ ಆರಿಸುವಾಗ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ್ ಹುಡುಕಿ, ಇವು ಈ ರೋಗ ತಡೆಯುತ್ತವೆ. ಇವನ್ನು ಕೊಟ್ಟ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೇ ಕೇಂದ್ರ ನಮ್ಮ ಕೊಡಗಿನ ಚೆಟ್ಟಳ್ಳಿಯಲ್ಲಿದೆ, ಹೋಗಿ ವಿಚಾರಿಸಿ.

ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು. ಬೇಲಿ ಬದಿಯ ಸುಂಡೆ ಗಿಡ ಇದೆಯಲ್ವಾ, ಅದರ ಬೇರಿಗೆ ಈ ರೋಗ ಸುಲಭಕ್ಕೆ ಹತ್ತುವುದಿಲ್ಲ. ಅದರ ಮೇಲೆ ನಿಮ್ಮ ಇಷ್ಟದ ಬದನೆ ಕಸಿ ಕಟ್ಟಬಹುದು. ಸುಂಡೆ ಬೀಜ ನಿಧಾನವಾಗಿ ಹುಟ್ಟುತ್ತದೆ, ಹಾಗಾಗಿ ಬದನೆಗಿಂತ ಮೂರು ವಾರ ಮೊದಲೇ ಬಿತ್ತಿ. ಎರಡೂ ಕಾಂಡ ಒಂದೇ ದಪ್ಪ ಆದಾಗ ಸುಂಡೆಯ ತಲೆ ಕತ್ತರಿಸಿ ನಡುವೆ ಸೀಳಿ, ಬದನೆಯ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ ಕ್ಲಿಪ್ ಹಾಕಿ. ಒಂದು ವಾರ ತೇವ ಇರುವ ನೆರಳಲ್ಲಿಡಿ. ನೆಡುವಾಗ ಕಸಿಯ ಗಂಟು ಮಣ್ಣಿಗಿಂತ ಮೇಲೇ ಇರಲಿ, ಮಣ್ಣಿಗೆ ತಾಗಿದರೆ ಬದನೆ ತನ್ನದೇ ಬೇರು ಇಳಿಸಿ ರೋಗಕ್ಕೆ ಮತ್ತೆ ದಾರಿ ಮಾಡಿಕೊಡುತ್ತದೆ. ಗಂಟಿನ ಕೆಳಗೆ ಮುಳ್ಳಿನ ಚಿಗುರು ಬಂದರೆ ಅದು ಸುಂಡೆಯದು, ಕಂಡ ಕೂಡಲೇ ಚಿವುಟಿ.