ಸಾಲಿಡ್ ಸ್ಟೇಟ್ ರಿಲೇ: ಮುಚ್ಚಳದ ಮೇಲಿನ ಆಂಪಿಯರ್, ಕೈಗೆ ಸಿಗುವ ಆಂಪಿಯರ್

ಶಿಡ್ಲಘಟ್ಟದ ಸುತ್ತಮುತ್ತ ಚಾಕಿ ಸಾಕಣೆ ಕೇಂದ್ರಗಳಿವೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ (ಹುಳು ಪೊರೆ ಕಳಚುವ ಹಂತ) ದಾಟುವವರೆಗೆ ಅಲ್ಲಿ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಆ ದಿನಗಳಲ್ಲಿ ಕೋಣೆಯ ಉಷ್ಣಾಂಶ 27–28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80–90ರ ಆಸುಪಾಸಿನಲ್ಲಿ ಇರಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದೆ ಇದು ಸಾಧ್ಯವಿಲ್ಲ. ಹೀಟರಿಗೆ ಒಂದು ಉಷ್ಣಾಂಶ ನಿಯಂತ್ರಕ, ಅದರ ಆಜ್ಞೆಯಂತೆ ಕರೆಂಟ್ ಹರಿಸಿ ನಿಲ್ಲಿಸಲು ಒಂದು ರಿಲೇ ಬೇಕು. ಎಲೆಕ್ಟ್ರಿಷಿಯನ್ ಟ್ರೇಡ್ ಅಥವಾ ಡಿಪ್ಲೊಮಾ ಓದುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಸಿಗುವುದಿಲ್ಲ. ಹಾಗಾಗಿ ಈ ಟಿಪ್ಪಣಿಯುದ್ದಕ್ಕೂ ಇಂಥ ಒಂದು ಕೋಣೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ: ತಲಾ ಒಂದು ಕಿಲೋವ್ಯಾಟಿನ ಎರಡು ಹೀಟರ್, 230 ವೋಲ್ಟ್, ಸಿಂಗಲ್ ಫೇಸ್.

ಇಲ್ಲಿಗೆ ಸಾಧಾರಣ ರಿಲೇ ಸಾಲದೇ? ಅಂಥ ರಿಲೇಯ ಕಾಂಟ್ಯಾಕ್ಟುಗಳು ಪೂರ್ಣ ಲೋಡಿನಲ್ಲಿ ಸುಮಾರು ಒಂದು ಲಕ್ಷ ಸಲ ಕೆಲಸ ಮಾಡುತ್ತವೆ ಎಂದು ತಯಾರಕರು ಹೇಳುವುದುಂಟು. ನಿಯಂತ್ರಕ 20 ಸೆಕೆಂಡಿಗೊಮ್ಮೆ ಹೀಟರ್ ಹಾಕಿ ತೆಗೆದರೆ ದಿನಕ್ಕೆ 4,320 ಸಲ ಆಯಿತು. 24 ದಿನ ತುಂಬುವ ಮೊದಲೇ ಲಕ್ಷ ಮುಗಿಯುತ್ತದೆ. ಸಾಲಿಡ್ ಸ್ಟೇಟ್ ರಿಲೇಯಲ್ಲಿ, ಅಂದರೆ ಎಸ್‌ಎಸ್‌ಆರ್‌ನಲ್ಲಿ, ಸವೆಯುವ ಕಾಂಟ್ಯಾಕ್ಟೇ ಇಲ್ಲ. ಆದ್ದರಿಂದ ಎರಡು ಸೆಕೆಂಡಿನ ಆವರ್ತವನ್ನೂ ಧೈರ್ಯವಾಗಿ ಇಡಬಹುದು, ಕೋಣೆಯ ಬಿಸಿಯೂ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ.

ಒಳಗೇನಿದೆ

ನಿಯಂತ್ರಣದ ಕಡೆ ಒಂದು ಪುಟ್ಟ ಎಲ್ಇಡಿ. ಅದರ ಬೆಳಕು ಎದುರಿನ ಬೆಳಕು-ಸಂವೇದಿ ಚಿಪ್ಪಿಗೆ ಬೀಳುತ್ತದೆ. ಆ ಚಿಪ್ಪು ಟ್ರಯಾಕ್ ಎಂಬ ಅರೆವಾಹಕ ಸ್ವಿಚ್ಚನ್ನು, ಅಥವಾ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ, ತಲಾ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಎರಡು ಥೈರಿಸ್ಟರ್‌ಗಳನ್ನು, ಆನ್ ಮಾಡುತ್ತದೆ. ಎರಡು ಕಡೆಗಳ ನಡುವೆ ಬೆಳಕು ಬಿಟ್ಟರೆ ತಂತಿಯ ಸಂಪರ್ಕವಿಲ್ಲ. ಸಾಮಾನ್ಯವಾಗಿ ಸಿಗುವ ಚೌಕಾಕಾರದ ಎಸ್‌ಎಸ್‌ಆರ್‌ನಲ್ಲಿ 1 ಮತ್ತು 2 ಲೋಡಿನ ತುದಿಗಳು, 3 ನಿಯಂತ್ರಣದ ಪ್ಲಸ್, 4 ಮೈನಸ್. ಮೇಲಿನ ಕೆಂಪು ದೀಪ ನಿಯಂತ್ರಣ ವೋಲ್ಟೇಜ್ ಬಂದಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಲೋಡಿಗೆ ಕರೆಂಟ್ ಹೋಗುತ್ತಿದೆಯೋ ಇಲ್ಲವೋ ಎಂಬುದಕ್ಕೂ ಆ ದೀಪಕ್ಕೂ ಸಂಬಂಧವಿಲ್ಲ.

ಹೆಸರಿನ ಕೊನೆಯಲ್ಲಿ ‘ಡಿಎ’ ಎಂದಿದ್ದರೆ ನಿಯಂತ್ರಣ ಡಿಸಿ, ಲೋಡ್ ಎಸಿ. ‘ಎಎ’ ಎಂದಿದ್ದರೆ ಎರಡೂ ಎಸಿ, ‘ಡಿಡಿ’ ಎಂದಿದ್ದರೆ ಎರಡೂ ಡಿಸಿ. ನಿಯಂತ್ರಣಕ್ಕೆ 3ರಿಂದ 32 ವೋಲ್ಟ್ ಡಿಸಿ ಎಂದು ಬರೆದಿರುತ್ತದೆ. ಉಷ್ಣಾಂಶ ನಿಯಂತ್ರಕ ಕೊಳ್ಳುವಾಗ ‘ಎಸ್‌ಎಸ್‌ಆರ್ ಔಟ್‌ಪುಟ್’ ಇರುವುದನ್ನೇ ಕೇಳಿ. ಅದು ನೇರವಾಗಿ ಡಿಸಿ ವೋಲ್ಟೇಜ್ ಕೊಡುತ್ತದೆ. 3.3 ವೋಲ್ಟಿನ ಮೈಕ್ರೊಕಂಟ್ರೋಲರ್ ಪಿನ್ನಿನಿಂದ ನಡೆಸುವವರು ನಡುವೆ ಒಂದು ಟ್ರಾನ್ಸಿಸ್ಟರ್ ಹಾಕಿ 5 ಅಥವಾ 12 ವೋಲ್ಟ್ ಕೊಡುವುದು ಲೇಸು. ಕನಿಷ್ಠ ಮಿತಿಯ ಅಂಚಿನಲ್ಲಿ ನಡೆಸಿದರೆ ಒಮ್ಮೆ ಆನ್ ಆಗುತ್ತದೆ, ಒಮ್ಮೆ ಆಗುವುದಿಲ್ಲ.

ವೋಲ್ಟೇಜ್ ಬಗ್ಗೆ ಒಂದೇ ಮಾತು. 230 ವೋಲ್ಟ್ ಎಂದರೆ ಶಿಖರದಲ್ಲಿ 325 ವೋಲ್ಟ್. ಹಳ್ಳಿಯ ಲೈನಿನಲ್ಲಿ ರಾತ್ರಿ ವೋಲ್ಟೇಜ್ ಏರುವುದನ್ನೂ ಸೇರಿಸಿಕೊಂಡು, ಕನಿಷ್ಠ 600 ವೋಲ್ಟ್ ತಡೆಯುವ ಎಸ್‌ಎಸ್‌ಆರ್ ಇರಲಿ. ಮೂರು ಫೇಸಿನ 415 ವೋಲ್ಟಿನ ಕೆಲಸಕ್ಕೆ 1,200 ವೋಲ್ಟ್ ತಡೆಯುವುದು ಬೇಕು.

ಶಾಖದ ಲೆಕ್ಕ

ಇಡೀ ವಿಷಯದ ಜೀವಾಳ ಇಲ್ಲಿದೆ. ಕಾಂಟ್ಯಾಕ್ಟ್ ಇರುವ ರಿಲೇ ಮುಚ್ಚಿಕೊಂಡಾಗ ಅದರ ಮೇಲೆ ಉಳಿಯುವ ವೋಲ್ಟೇಜ್ ತೀರಾ ಅಲ್ಪ. ಟ್ರಯಾಕ್ ಮತ್ತು ಥೈರಿಸ್ಟರ್ ಹಾಗಲ್ಲ. ಅವು ಪೂರ್ತಿ ಆನ್ ಆಗಿದ್ದಾಗಲೂ ತುದಿಯಿಂದ ತುದಿಗೆ ಸುಮಾರು 1ರಿಂದ 1.6 ವೋಲ್ಟ್ ಉಳಿಸಿಕೊಳ್ಳುತ್ತವೆ. ಆ ವೋಲ್ಟೇಜನ್ನು ಹರಿಯುವ ಕರೆಂಟಿನಿಂದ ಗುಣಿಸಿದಷ್ಟು ವ್ಯಾಟ್ ಎಸ್‌ಎಸ್‌ಆರ್ ಒಳಗೇ ಶಾಖವಾಗುತ್ತದೆ. ಒಂದು ಆಂಪಿಯರಿಗೆ ಹೆಚ್ಚುಕಡಿಮೆ ಒಂದೂಕಾಲು ವ್ಯಾಟ್ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಅಂದಾಜಿಗೆ ಸಾಕು.

ನಮ್ಮ ಕೋಣೆಗೆ ಬರೋಣ. 2,000 ವ್ಯಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. ಲೈನ್ 250 ವೋಲ್ಟಿಗೆ ಏರಿದರೆ ಹೀಟರಿನ ಪ್ರತಿರೋಧ ಅಷ್ಟೇ ಇರುವುದರಿಂದ ಕರೆಂಟ್ 9.5 ಆಂಪಿಯರಿಗೆ ಏರುತ್ತದೆ. ಶಾಖ ಸುಮಾರು 12 ವ್ಯಾಟ್. ಹನ್ನೆರಡು ವ್ಯಾಟ್ ಅಷ್ಟೇ ತಾನೇ ಎಂದುಕೊಳ್ಳಬೇಡಿ. ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಡಬ್ಬಿಯೊಳಗೆ ಅದು ಬಿಡುವಿಲ್ಲದೆ ಹುಟ್ಟುತ್ತಲೇ ಇರುತ್ತದೆ. ಮುಚ್ಚಳದ ಮೇಲೆ 25 ಆಂಪಿಯರ್ ಎಂದಿರುವ ಎಸ್‌ಎಸ್‌ಆರ್, ಶಾಖವನ್ನು ಗಾಳಿಗೆ ಬಿಡುವ ರೆಕ್ಕೆಗಳ ಹೀಟ್ ಸಿಂಕ್ ಇಲ್ಲದೆ, ಸಾಮಾನ್ಯವಾಗಿ ಮೂರರಿಂದ ಐದು ಆಂಪಿಯರ್ ಮಾತ್ರ ತಾಳುತ್ತದೆ. ಅಂದರೆ ಆ 25 ಎಂಬ ಅಂಕಿ ಎಸ್‌ಎಸ್‌ಆರ್‌ನದಷ್ಟೇ ಅಲ್ಲ. ಅದರ ಜೊತೆಗೆ ಬರಬೇಕಾದ ಅಲ್ಯುಮಿನಿಯಂ ತುಂಡಿನದೂ ಹೌದು.

ಹಾಗಾದರೆ ಎಷ್ಟು ದೊಡ್ಡ ಹೀಟ್ ಸಿಂಕ್? ಬೇಸಿಗೆಯಲ್ಲಿ, ತಗಡಿನ ಛಾವಣಿಯ ಕೆಳಗೆ, ಪ್ಯಾನೆಲ್ ಪೆಟ್ಟಿಗೆಯೊಳಗಿನ ಗಾಳಿ 50 ಡಿಗ್ರಿ ಎಂದು ಹಿಡಿಯಿರಿ. ಎಸ್‌ಎಸ್‌ಆರ್‌ನ ಲೋಹದ ತಳ 80 ಡಿಗ್ರಿ ದಾಟಬಾರದು ಎಂದು ನಿಶ್ಚಯಿಸಿ. ನಡುವಿನ ಅಂತರ 30 ಡಿಗ್ರಿ. ಅದನ್ನು 12 ವ್ಯಾಟಿನಿಂದ ಭಾಗಿಸಿದರೆ ವ್ಯಾಟಿಗೆ 2.5 ಡಿಗ್ರಿ ಬಂತು. ಹೀಟ್ ಸಿಂಕಿನ ವಿವರಪಟ್ಟಿಯಲ್ಲಿ ಈ ಅಂಕಿ ಇರುತ್ತದೆ. ನಮಗೆ ಸಿಕ್ಕಿದ್ದಕ್ಕಿಂತ ಕಡಿಮೆ ಇರುವುದನ್ನು, ಉದಾಹರಣೆಗೆ 2 ಡಿಗ್ರಿಯದನ್ನು, ಆರಿಸಬೇಕು. ಒಳಗಿನ ಚಿಪ್ಪು ತಳಕ್ಕಿಂತ ಇನ್ನೂ ಬಿಸಿಯಾಗಿರುತ್ತದೆ. ಅದರ ಮಿತಿ ಸಾಮಾನ್ಯವಾಗಿ 125 ಡಿಗ್ರಿ. ಆದ್ದರಿಂದ 80 ಎಂಬ ಎಲ್ಲೆ ಅತಿ ಎಚ್ಚರಿಕೆಯೇನಲ್ಲ.

ಈ ಲೋಡಿಗೆ ನನ್ನ ಆಯ್ಕೆ 25 ಆಂಪಿಯರಿನ ಎಸ್‌ಎಸ್‌ಆರ್. ಹತ್ತು ಆಂಪಿಯರಿನದನ್ನು ಕೊಂಡು ಅಂಚಿನಲ್ಲಿ ನಡೆಸುವುದರಲ್ಲಿ ಉಳಿತಾಯವಿಲ್ಲ. ಹಾಗೆಂದು, 40 ಆಂಪಿಯರಿನದು ತಂದರೆ ಹೀಟ್ ಸಿಂಕ್ ಬೇಡ ಎಂಬ ವಾದವನ್ನೂ ನಂಬಬೇಡಿ. ಕರೆಂಟ್ ಅಷ್ಟೇ ಇರುವಾಗ ಶಾಖವೂ ಹೆಚ್ಚುಕಡಿಮೆ ಅಷ್ಟೇ ಹುಟ್ಟುತ್ತದೆ.

ಜೋಡಿಸುವಾಗ ಥರ್ಮಲ್ ಪೇಸ್ಟನ್ನು ತೆಳುವಾಗಿ, ತಳದ ಉದ್ದಗಲಕ್ಕೂ ಸವರಿ. ದಪ್ಪಗೆ ಬಳಿದ ಪೇಸ್ಟೇ ಶಾಖಕ್ಕೆ ಅಡ್ಡವಾಗುತ್ತದೆ. ರೆಕ್ಕೆಗಳು ಮೇಲಿನಿಂದ ಕೆಳಕ್ಕೆ ನಿಂತಿರಬೇಕು, ಆಗ ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ. ಅಡ್ಡಡ್ಡ ಮಲಗಿಸಿದರೆ ಗಾಳಿ ರೆಕ್ಕೆಗಳ ನಡುವೆಯೇ ನಿಲ್ಲುತ್ತದೆ. ಹೀಟ್ ಸಿಂಕಿಗೆ ಅರ್ಥಿಂಗ್ ತಂತಿ ಕೊಡಲೇಬೇಕು. ಲೋಡಿನ ತಂತಿಗಳಿಗೆ ಲಗ್ ಒತ್ತಿ ಸ್ಕ್ರೂ ಬಿಗಿಯಾಗಿ ಕಟ್ಟಿ. ಸಡಿಲ ಸ್ಕ್ರೂ ಹುಟ್ಟಿಸುವ ಬಿಸಿ ನಮ್ಮ ಯಾವ ಲೆಕ್ಕದಲ್ಲೂ ಇಲ್ಲ.

ಚಾಕಿ ಕೋಣೆಯಲ್ಲಿ ಇನ್ನೊಂದು ಇಕ್ಕಟ್ಟಿದೆ. ತೇವಾಂಶ ಹೆಚ್ಚು ಎಂದು ಪ್ಯಾನೆಲನ್ನು ಬಿಗಿಯಾಗಿ ಮುಚ್ಚಿದರೆ ಶಾಖಕ್ಕೆ ದಾರಿಯಿಲ್ಲ, ತೂತು ಬಿಟ್ಟರೆ ತೇವ ಒಳಗೆ ಬರುತ್ತದೆ. ಜೊತೆಗೆ ಪ್ರತಿ ಬೆಳೆಯ ನಡುವೆ ಬ್ಲೀಚಿಂಗ್ ಪುಡಿ ಅಥವಾ ಫಾರ್ಮಲಿನ್ ಹಾಕಿ ಕೋಣೆಯ ಸೋಂಕು ನಿವಾರಿಸುತ್ತಾರೆ. ಬ್ಲೀಚಿಂಗ್ ಪುಡಿಯ ಆವಿ ತಾಮ್ರದ ತುದಿಗಳನ್ನು ತಿನ್ನುತ್ತದೆ. ಪ್ಯಾನೆಲನ್ನು ಕೋಣೆಯ ಹೊರಗಿನ ಗೋಡೆಗೆ ಕಟ್ಟಿ, ಸಂವೇದಕದ ತಂತಿ ಮತ್ತು ಹೀಟರಿನ ತಂತಿಗಳನ್ನು ಮಾತ್ರ ಒಳಗೆ ಬಿಡುವುದೇ ಇದಕ್ಕೆ ಸರಿಯಾದ ಪರಿಹಾರ.

ಲೋಡ್ ಬದಲಾದರೆ

ಹೀಟರ್ ಸಾಧು ಲೋಡ್. ಆನ್ ಮಾಡಿದಾಗಲೂ ಆಮೇಲೂ ಹೆಚ್ಚುಕಡಿಮೆ ಒಂದೇ ಕರೆಂಟ್ ಎಳೆಯುತ್ತದೆ. ಇದಕ್ಕೆ ಝೀರೊ ಕ್ರಾಸಿಂಗ್ ಬಗೆಯ ಎಸ್‌ಎಸ್‌ಆರ್ ಒಳ್ಳೆಯದು. ವೋಲ್ಟೇಜ್ ಸೊನ್ನೆ ದಾಟುವ ಕ್ಷಣಕ್ಕೆ ಕಾದು ಅದು ಆನ್ ಆಗುತ್ತದೆ. 50 ಹರ್ಟ್ಸಿನಲ್ಲಿ ಆ ಕಾಯುವಿಕೆ ಹೆಚ್ಚೆಂದರೆ 10 ಮಿಲಿಸೆಕೆಂಡ್. ಕರೆಂಟ್ ಮೆಲ್ಲನೆ ಏರುವುದರಿಂದ ರೇಡಿಯೊ ಗದ್ದಲವೂ ಕಡಿಮೆ.

ಟ್ರಾನ್ಸ್‌ಫಾರ್ಮರಿಗೆ ಇದೇ ಗುಣ ಶತ್ರುವಾಗುತ್ತದೆ. ಅದರ ತಿರುಳಿನ ಕಾಂತ ಅಭಿವಾಹ ವೋಲ್ಟೇಜಿನ ಅನುಕಲನವನ್ನು, ಅಂದರೆ ಕ್ಷಣಕ್ಷಣಕ್ಕೂ ಕೂಡುತ್ತ ಹೋದ ಮೊತ್ತವನ್ನು, ಅನುಸರಿಸುತ್ತದೆ. ಸೊನ್ನೆಯಲ್ಲಿ ಆನ್ ಮಾಡಿದರೆ ಮೊದಲ ಅರ್ಧ ಆವರ್ತ ಪೂರ್ತಿ ಅಭಿವಾಹ ಏರುತ್ತಲೇ ಹೋಗಿ ಮಾಮೂಲಿಯ ಇಮ್ಮಡಿ ಮುಟ್ಟುತ್ತದೆ. ತಿರುಳು ತುಂಬಿಹೋಗಿ ಕರೆಂಟ್ ಚಿಮ್ಮುತ್ತದೆ. ಶಿಖರದ ಹತ್ತಿರ ಆನ್ ಮಾಡಿದರೆ ಈ ತೊಂದರೆ ಬಹಳ ತಗ್ಗುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರಿಗೆ ಶಿಖರದಲ್ಲಿ ಆನ್ ಆಗುವ ಬಗೆ, ಅದು ಸಿಗದಿದ್ದರೆ ಯಾವ ಕ್ಷಣದಲ್ಲಾದರೂ ಆನ್ ಆಗುವ ಬಗೆ.

ಮೋಟರ್ ಹೊರಡುವಾಗ ಪೂರ್ಣ ಲೋಡಿನ ಐದರಿಂದ ಎಂಟು ಪಟ್ಟು ಕರೆಂಟ್ ಎಳೆಯುತ್ತದೆ, ಎಸ್‌ಎಸ್‌ಆರ್ ಅದಕ್ಕೆ ತಕ್ಕಂತೆ ದೊಡ್ಡದಿರಬೇಕು. ಕೊಳವೆಬಾವಿಯ ಪಂಪಿಗೆ ಎಸ್‌ಎಸ್‌ಆರ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಬೇಡ. ದಿನಕ್ಕೆ ಕೆಲವೇ ಸಲ ಹಾಕಿ ತೆಗೆಯುವ ಮೋಟರಿಗೆ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ಕಾಂಟ್ಯಾಕ್ಟ್ ರಿಲೇ) ಇರುವ ಸ್ಟಾರ್ಟರೇ ಉತ್ತಮ.

ಡಿಸಿ ಲೋಡಿಗೆ ಎಸಿ ಎಸ್‌ಎಸ್‌ಆರ್ ಹಾಕಿದರೆ ಆನ್ ಆಗುತ್ತದೆ, ಆಮೇಲೆ ಆಫ್ ಆಗುವುದಿಲ್ಲ. ಥೈರಿಸ್ಟರ್ ಬಿಡಬೇಕಾದರೆ ಕರೆಂಟ್ ಸೊನ್ನೆಗೆ ಇಳಿಯಬೇಕು, ಡಿಸಿಯಲ್ಲಿ ಅದು ಇಳಿಯುವುದೇ ಇಲ್ಲ. ಅಲ್ಲಿಗೆ ‘ಡಿಡಿ’ ಬಗೆ ಬೇಕು. ಸೊಲೆನಾಯ್ಡ್ ಇದ್ದರೆ ಅದರ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಕೂಡ ಇರಲಿ.

ಆಫ್ ಎಂದರೆ ಪೂರ್ತಿ ಆಫ್ ಅಲ್ಲ

ಒಳಗೆ ಥೈರಿಸ್ಟರಿಗೆ ಅಡ್ಡಲಾಗಿ ಸ್ನಬ್ಬರ್ ಎಂಬ ಕೆಪಾಸಿಟರ್-ರೆಸಿಸ್ಟರ್ ಜೋಡಿ ಇರುತ್ತದೆ. ಅದು 0.047 ಮೈಕ್ರೊಫ್ಯಾರಡ್ ಇದ್ದರೆ 230 ವೋಲ್ಟಿನಲ್ಲಿ ಸುಮಾರು 3.4 ಮಿಲಿಆಂಪಿಯರ್ ಸದಾ ಸೋರುತ್ತದೆ, 0.1 ಇದ್ದರೆ 7 ಮಿಲಿಆಂಪಿಯರ್. ಹೀಟರಿಗೆ ಇದು ಲೆಕ್ಕಕ್ಕಿಲ್ಲ. ಚಿಕ್ಕ ಎಲ್ಇಡಿ ಬಲ್ಬು ಮಾತ್ರ ಆಫ್ ಮಾಡಿದ ಮೇಲೂ ಮಿಣುಕಬಹುದು, ಸಣ್ಣ ರಿಲೇಯ ಸುರುಳಿ ಬಿಡದೆ ಹಿಡಿದುಕೊಳ್ಳಬಹುದು. ಲೋಡಿಗೆ ಸಮಾನಾಂತರವಾಗಿ 10 ಕಿಲೋಓಮಿನ, 10 ವ್ಯಾಟಿನ ರೆಸಿಸ್ಟರ್ ಹಾಕಿದರೆ ಸೋರಿಕೆಗೆ ದಾರಿಯಾಗುತ್ತದೆ. ರೆಸಿಸ್ಟರ್ ತಾನೂ ಐದು ವ್ಯಾಟಿನಷ್ಟು ಬಿಸಿಯಾಗುವುದರಿಂದ ತಂತಿಗಳಿಂದ ದೂರವಿರಲಿ.

ಮನುಷ್ಯರ ಮಟ್ಟಿಗೆ ಈ ಸೋರಿಕೆಯ ಅರ್ಥ ಬೇರೆ: ಎಸ್‌ಎಸ್‌ಆರ್ ಆಫ್ ಇದೆ ಎಂದು ಹೀಟರಿನ ತುದಿ ಮುಟ್ಟಬಾರದು. ಕೈ ಹಾಕುವ ಮೊದಲು ಎರಡೂ ತಂತಿ ಕಡಿಯುವ ಐಸೊಲೇಟರನ್ನು ಆಫ್ ಮಾಡಲೇಬೇಕು. ಎಸ್‌ಎಸ್‌ಆರ್ ಯಾವಾಗಲೂ ಫೇಸಿನಲ್ಲಿರಲಿ, ನ್ಯೂಟ್ರಲಿನಲ್ಲಿ ಬೇಡ.

ಎಲ್ಲಕ್ಕಿಂತ ಮುಖ್ಯವಾದುದನ್ನು ಹೇಳುತ್ತೇನೆ. ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಲೋಡ್ ಆನ್ ಆಗಿಯೇ ಉಳಿಯುತ್ತದೆ. ನಿಯಂತ್ರಕ ‘ಸಾಕು’ ಎಂದರೂ ಎರಡು ಕಿಲೋವ್ಯಾಟ್ ಉರಿಯುತ್ತಲೇ ಇರುತ್ತದೆ. ಸೊಪ್ಪು ಒಣಗುತ್ತದೆ, ಎಳೆಯ ಹುಳು ಸಾಯುತ್ತದೆ, ಬೆಳಗಾಗುವುದರೊಳಗೆ ಎಷ್ಟೋ ರೈತರ ಬೆಳೆ ಹೋಗಿರುತ್ತದೆ. ಆದ್ದರಿಂದ ಎಸ್‌ಎಸ್‌ಆರ್‌ಗೆ ಸರಣಿಯಲ್ಲಿ ಒಂದು ಕಾಂಟ್ಯಾಕ್ಟರ್ ಹಾಕಿ. ಅದರ ಸುರುಳಿಗೆ ಹೋಗುವ ಕರೆಂಟ್ ಬೇರೆಯದೇ ಆದ ಥರ್ಮೋಸ್ಟಾಟ್ ಮೂಲಕ ಹೋಗಲಿ, ಅದನ್ನು 31–32 ಡಿಗ್ರಿಗೆ ಇಡಿ. ಈ ಕಾಂಟ್ಯಾಕ್ಟರ್ ಅಪಾಯ ಬಂದಾಗ ಮಾತ್ರ ಬಿಡುವುದರಿಂದ ಸವೆತದ ಭಯವಿಲ್ಲ. ಖರ್ಚು ಕಡಿಮೆ ಮಾಡಬೇಕೆಂದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಶಾರ್ಟ್ ಸರ್ಕ್ಯೂಟಿನಿಂದ ಎಸ್‌ಎಸ್‌ಆರ್ ಉಳಿಸುವುದು ಮಾಮೂಲಿ ಎಂಸಿಬಿಗೆ ಬಹುತೇಕ ಆಗದು. ಅದು ತಂತಿಯನ್ನು ಕಾಯುತ್ತದೆ, ಅಷ್ಟರಲ್ಲಿ ಚಿಪ್ಪು ಸುಟ್ಟಿರುತ್ತದೆ. ಚಿಪ್ಪನ್ನೂ ಕಾಯಬೇಕೆಂದರೆ ಅರೆವಾಹಕಗಳಿಗೆಂದೇ ಬರುವ ಅತಿವೇಗದ ಫ್ಯೂಸ್ ಬೇಕು. ಫ್ಯೂಸಿನ ‘ಐ ವರ್ಗ ಟಿ’ ಅಂಕಿ (ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸಿದ್ದು) ಎಸ್‌ಎಸ್‌ಆರ್‌ನ ಅದೇ ಅಂಕಿಗಿಂತ ಕಡಿಮೆ ಇರಬೇಕು. ಸಿಡಿಲಿನ ಕಾಲದ ವೋಲ್ಟೇಜ್ ಹೊಡೆತಕ್ಕೆ 1 ಮತ್ತು 2ರ ನಡುವೆ ಹೆಚ್ಚಿನ ವೋಲ್ಟೇಜನ್ನು ಹೀರಿಕೊಳ್ಳುವ ಒಂದು ಎಂಒವಿ ಕೂರಿಸಿ.

ಪರೀಕ್ಷಿಸುವ ಬಗೆ

ಲೋಡ್ ಜೋಡಿಸದೆ, ಲೋಡ್ ಇರಬೇಕಾದ ಜಾಗದಲ್ಲಿ ಮಲ್ಟಿಮೀಟರ್ ಹಿಡಿದರೆ, ಆಫ್ ಇದ್ದಾಗಲೂ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್ ತೋರಿಸುತ್ತದೆ. ಮೀಟರಿನ ಪ್ರತಿರೋಧ ಬಹಳ ಹೆಚ್ಚು, ಸೋರಿಕೆಯೇ ಅದಕ್ಕೆ ಸಾಕು. ಇದನ್ನು ನೋಡಿ ಚೆನ್ನಾಗಿರುವ ಎಸ್‌ಎಸ್‌ಆರ್ ಎಸೆಯಬೇಡಿ. ಹಳೆಯ ಕಾಲದ ತಂತಿಯ ಬಲ್ಬು, 60 ವ್ಯಾಟಿನದು, ಲೋಡಾಗಿ ಹಾಕಿ ನೋಡಿ. ನಿಯಂತ್ರಣದ ತಂತಿ ಬಿಚ್ಚಿದಾಗ ಬಲ್ಬು ಪೂರ್ತಿ ಆರಿದರೆ, ಕೊಟ್ಟಾಗ ಪೂರ್ತಿ ಉರಿದರೆ ಎಸ್‌ಎಸ್‌ಆರ್ ಸರಿಯಿದೆ. ಬಿಚ್ಚಿದ ಮೇಲೂ ಪೂರ್ತಿ ಉರಿಯುತ್ತಿದ್ದರೆ ಶಾರ್ಟ್ ಆಗಿದೆ. ನಿಯಂತ್ರಣ ಕೊಟ್ಟಾಗ ಮಂದವಾಗಿ, ಅದುರುತ್ತ ಉರಿದರೆ ಎರಡು ಥೈರಿಸ್ಟರ್‌ಗಳಲ್ಲಿ ಒಂದು ಹೋಗಿದೆ, ಅರ್ಧ ಆವರ್ತ ಮಾತ್ರ ಹರಿಯುತ್ತಿದೆ. ಅಂಥದ್ದನ್ನು ಹೀಟರಿಗೆ ನಡೆಯುತ್ತದೆ ಎಂದು ಉಳಿಸಿಕೊಳ್ಳದೆ ಅಂದೇ ಬದಲಿಸಿ. ಹೊಸದನ್ನು ಕೂರಿಸುವ ಮೊದಲು ಹೀಟ್ ಸಿಂಕಿನ ಮೇಲಿನ ಒಣಗಿದ ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ ತೆಗೆಯಿರಿ.