ಒಂದು ಸೂಲು, ಇಬ್ಬರು ಅಪ್ಪಂದಿರು

ಚಿಲಕ ಹಾಕಿದ್ದೆ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ಆ ದಿನ ಹಿತ್ತಲಿಗೆ ಹೋದರೆ ಎರಡು ನಾಯಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದು ನನ್ನ ಲ್ಯಾಬ್ರಡಾರ್ ಹೆಣ್ಣು. ಇನ್ನೊಂದು ಅವಳದೇ ಹಿಂದಿನ ಸೂಲಿನ ಮಗ, 14 ತಿಂಗಳಿನವನು. ಅದಕ್ಕೆ ಎರಡೇ ದಿನ ಮೊದಲು, ವರ್ಷಗಟ್ಟಲೆ ಹುಡುಕಿ ಆರಿಸಿದ್ದ ಬೇರೊಂದು ಗಂಡಿಗೆ ಅವಳನ್ನು ಕೂಡಿಸಿಕೊಂಡು ಬಂದಿದ್ದೆ.

ಮೊದಲು ಒಂದು ಮಾತು. ನಾಯಿಗಳು ಹೀಗೆ ಸಿಕ್ಕಿಕೊಂಡಿದ್ದಾಗ ಎಳೆಯಬೇಡಿ, ನೀರು ಎರಚಬೇಡಿ, ಹೊಡೆಯಬೇಡಿ. ಎಳೆದರೆ ಇಬ್ಬರಿಗೂ ಗಾಯ. ಆಗಬೇಕಾದ್ದು ಅಷ್ಟರಲ್ಲಾಗಲೇ ಆಗಿಹೋಗಿರುತ್ತದೆ. ಐದು ನಿಮಿಷವೋ ಅರ್ಧ ಗಂಟೆಯೋ, ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳು ಒದ್ದಾಡದಂತೆ ಕತ್ತು ಹಿಡಿದುಕೊಂಡು, ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಇಂಥ ಸೂಲುಗಳ ಹಿಂದೆ ಸಾಮಾನ್ಯವಾಗಿ ಇರುವುದು ಎರಡು ತಪ್ಪು ನಂಬಿಕೆ. ರಕ್ತ ನಿಂತಿತು, ಇನ್ನು ಬೆದೆ ಮುಗಿಯಿತು ಅನ್ನುವುದು ಒಂದು. ನಿಜ ಅದರ ಉಲ್ಟಾ. ಬೆದೆ ಸುಮಾರು ಮೂರು ವಾರ ಇರುತ್ತದೆ. ಮೊದಲ ಒಂಬತ್ತು ಹತ್ತು ದಿನ ರಕ್ತ ಜಾಸ್ತಿ, ಆಗ ಅವಳು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ರಕ್ತ ತೆಳುವಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆಯೇ ಒಪ್ಪುವುದು. ನಾವು ಕಾವಲು ಸಡಿಲ ಮಾಡುವುದೂ ಸರಿಯಾಗಿ ಆಗಲೇ. ಇನ್ನೊಂದು, 'ಅಮ್ಮ ಮಗ ಅಲ್ವಾ, ಹೋಗಲ್ಲ ಬಿಡಿ' ಅನ್ನುವುದು. ನಾಯಿಗೆ ಆ ಲೆಕ್ಕವಿಲ್ಲ. ವಯಸ್ಸಿನ ಲೆಕ್ಕವೂ ಇಲ್ಲ. ಆರೇಳು ತಿಂಗಳ ಮರಿಗಳೇ ಅಪ್ಪಂದಿರಾದ ಸೂಲು ನೋಡಿದ್ದೇನೆ.

ಆಮೇಲೆ ಏನು? 'ನೋಡೋಣ' ಅಂತ ಸುಮ್ನೆ ಕೂರುವುದಂತೂ ಅಲ್ಲ. ಹಿಂದೊಮ್ಮೆ ಹಾಗೆ ಕೂತಿದ್ದೆ, ಹೊಟ್ಟೆ ಕಂಡಾಗ ಎಲ್ಲ ದಾರಿಗಳೂ ಮುಚ್ಚಿದ್ದವು. ಈ ಸಲ ಅದೇ ದಿನ ವೈದ್ಯರಿಗೆ ಫೋನ್ ಮಾಡಿದೆ. ಗರ್ಭ ಬೇಡ ಅಂದರೆ ಅಗ್ಲೆಪ್ರಿಸ್ಟೋನ್ ಅನ್ನುವ ಇಂಜೆಕ್ಷನ್ ಇದೆ. ಒಂದು ದಿನದ ಅಂತರದಲ್ಲಿ ಎರಡು ಸಲ. ಕೂಡಿದ 45 ದಿನದವರೆಗೂ ಕೊಡುತ್ತಾರೆ, ಆದರೆ ಬೇಗ ಕೊಟ್ಟಷ್ಟೂ ಅವಳಿಗೆ ಹಗುರ. ಎಲ್ಲ ದೇಶಗಳಲ್ಲೂ ಅದು ಸಿಗುವುದಿಲ್ಲ. ಸಿಗದ ಕಡೆ ಹಳೇ ಈಸ್ಟ್ರೋಜನ್ ಇಂಜೆಕ್ಷನ್ ಹಾಕಿಸಿ ಅನ್ನುವ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ. ಅದು ಗರ್ಭಕೋಶದಲ್ಲಿ ಕೀವು ಕಟ್ಟಿಸಬಹುದು, ಮೂಳೆಮಜ್ಜೆಯನ್ನೇ ಹಾಳು ಮಾಡಬಹುದು. ಇನ್ನು ಮುಂದೆ ಮರಿಯೇ ಬೇಡ ಅನ್ನುವವರಿಗೆ ಗರ್ಭಕೋಶ ತೆಗೆಸುವ ಆಪರೇಷನ್ ಇದ್ದೇ ಇದೆ.

ನನ್ನ ಇಕ್ಕಟ್ಟು ಬೇರೆ ಥರದ್ದು. ನಾಯಿಯ ವೀರ್ಯ ಹೆಣ್ಣಿನ ಒಳಗೆ ಐದಾರು ದಿನ ಜೀವಂತ ಇರುತ್ತದೆ. ಅವಳ ಅಂಡಗಳೂ ಬಿಡುಗಡೆಯಾದ ಮೇಲೆ ಹಣ್ಣಾಗಲು ಎರಡು ಮೂರು ದಿನ ಬೇಕು. ಹಾಗಾಗಿ ಎರಡು ದಿನದ ಅಂತರದಲ್ಲಿ ಇಬ್ಬರು ಗಂಡುಗಳು ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರ ಮರಿಗಳೂ ಬರಬಹುದು. ಇಂಜೆಕ್ಷನ್ ಹಾಕಿಸಿದರೆ ಬೇಕಾದವೂ ಹೋಗುತ್ತವೆ, ಬೇಡದವೂ ಹೋಗುತ್ತವೆ. ಬಿಟ್ಟರೆ ಯಾವುದು ಯಾರದು ಅಂತ ಗೊತ್ತಿಲ್ಲದ ಮರಿಗಳು. ಇಬ್ಬರೂ ಕಪ್ಪು ಲ್ಯಾಬ್ರಡಾರ್. ನೋಡಿ ಹೇಳಲು ಸಾಧ್ಯವೇ ಇಲ್ಲ.

ಒಬ್ಬ ಹಳೇ ಬ್ರೀಡರ್ ಗೆಳೆಯ ಫೋನಿನಲ್ಲಿ ನಕ್ಕ. 'ಯಾರು ನೋಡಿದ್ದಾರೆ? ಎಲ್ಲವನ್ನೂ ಮೊದಲನೆಯವನ ಹೆಸರಿಗೆ ಬರೆದುಬಿಡು' ಅಂದ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಅವನಿಗೆ ನಾನು ಹೇಳಿದ್ದು ಕಣ್ಣಿನ ವಿಷಯ. ಲ್ಯಾಬ್ರಡಾರ್‌ಗಳಲ್ಲಿ ಪಿಆರ್‌ಎ ಅನ್ನುವ ರೋಗವಿದೆ. ಮೊದಲು ರಾತ್ರಿ ಕುರುಡು, ಕ್ರಮೇಣ ಪೂರ್ತಿ ಕುರುಡು. ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ರೋಗ. ಒಬ್ಬರಿಂದ ಬಂದರೆ ನಾಯಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ಆ ಜೀನನ್ನು ಮುಂದೆ ದಾಟಿಸುತ್ತದೆ. ನನ್ನ ಹೆಣ್ಣು ಹಾಗೆ ದಾಟಿಸುವವಳು. ಅದಕ್ಕೇ ಆ ಜೀನ್ ಇಲ್ಲದ ಗಂಡನ್ನು ಹುಡುಕಿದ್ದು. ಮಗನನ್ನು ಪರೀಕ್ಷೆ ಮಾಡಿಸಿರಲಿಲ್ಲ. ಅವನಲ್ಲೂ ಆ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ಮಾಡಿಸಿದೆ. ಇತ್ತು. ಅಂದರೆ ಅವನಿಗೆ ಹುಟ್ಟುವ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ತಾಯಿ ಮಗನ ಮರಿಯಲ್ಲಿ ಇದೊಂದೇ ಅಲ್ಲ, ಸರಾಸರಿ ಕಾಲು ಭಾಗದಷ್ಟು ಜೀನ್ ಜೋಡಿಗಳಲ್ಲಿ ಎರಡೂ ಕಡೆಯಿಂದ ಬಂದದ್ದು ಒಂದೇ ಪ್ರತಿ. ಅಡಗಿ ಕೂತಿದ್ದ ದೋಷಗಳಿಗೆಲ್ಲ ಬಾಗಿಲು ತೆರೆದಂತೆ.

ಅದನ್ನು ಬರೆಯದೆ ಮುಚ್ಚಿಟ್ಟರೆ ಆ ಮರಿಗಳಿಂದ ಮುಂದೆ ಮರಿ ಮಾಡಿಸುವವರು ನನ್ನ ಸುಳ್ಳಿನ ಮೇಲೆ ಲೆಕ್ಕ ಹಾಕುತ್ತಾರೆ. ಪೆಡಿಗ್ರಿ, ಅಂದರೆ ನಾಯಿಯ ವಂಶಾವಳಿಯ ದಾಖಲೆ, ಅಷ್ಟೇ, ನಂಬಿಕೆಯ ಕಾಗದ.

ಗರ್ಭ ಉಳಿಸಿಕೊಂಡೆವು. ಇದು ಸರಿಯಾದ ನಿರ್ಧಾರ ಅಂತ ನಾನು ಯಾರಿಗೂ ಬೋಧಿಸುವುದಿಲ್ಲ. ಮಗ ಒಬ್ಬನೇ ಕೂಡಿದ್ದರೆ ಆ ದಿನವೇ ಇಂಜೆಕ್ಷನ್ ಹಾಕಿಸುತ್ತಿದ್ದೆ. 28ನೇ ದಿನದ ಸುಮಾರಿಗೆ ಸ್ಕ್ಯಾನ್ ಮಾಡಿಸಿ ಗರ್ಭ ಖಚಿತ ಮಾಡಿಕೊಂಡೆ. ಹೊಟ್ಟೆ, ಕೆಚ್ಚಲು ನೋಡಿ ನಿರ್ಧರಿಸಬೇಡಿ. ಗರ್ಭ ನಿಲ್ಲದ ಹೆಣ್ಣಿಗೂ ಬೆದೆಯಾದ ಎರಡು ತಿಂಗಳಿಗೆ ಕೆಚ್ಚಲು ತುಂಬಿ ಹಾಲು ಬರುವುದುಂಟು, ಹಾಸಿಗೆ ಕೆರೆದು ಗೂಡು ಮಾಡುವುದುಂಟು. 55 ದಿನ ದಾಟಿದ ಮೇಲೆ ಎಕ್ಸ್‌ರೇಯಲ್ಲಿ ತಲೆ ಎಣಿಸಿದರೆ ಎಂಟು.

ಗರ್ಭದಲ್ಲಿ ಕ್ಯಾಲ್ಸಿಯಂ ಮಾತ್ರೆ ತಿನ್ನಿಸುವ ಚಟ ಬಹಳ ಜನಕ್ಕಿದೆ. ಬೇಡ. ಹೊರಗಿನಿಂದ ಸುರಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ದೇಹದ ಕೆಲಸ ಮಂಕಾಗುತ್ತದೆ. ಮರಿ ಹಾಲು ಕುಡಿಯುವಾಗ ಅವಳು ನಡುಗಿ, ಸೆಟೆದು ಬೀಳುವ ಅಪಾಯ ಹೆಚ್ಚು. ಕೊನೆಯ ಮೂರು ವಾರ ನಾಯಿಮರಿಗಳಿಗೆಂದೇ ಬರುವ ಒಳ್ಳೆಯ ಆಹಾರ ಅವಳಿಗೆ ಕೊಟ್ಟರೆ ಸಾಕು.

63ನೇ ದಿನಕ್ಕೆ ಮರಿ ಹಾಕಿದಳು. ಎಂಟೂ ಬದುಕಿದವು. ದಿನಾ ತೂಕ, ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಮೊದಲ ವಾರ ಪೆಟ್ಟಿಗೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗೆ. ಬೇಕಾಗಿ ಹುಟ್ಟಿದ ಮರಿಗೂ ಬೇಡದೆ ಹುಟ್ಟಿದ್ದಕ್ಕೂ ಇದರಲ್ಲಿ ವ್ಯತ್ಯಾಸವಿಲ್ಲ. ಡಿಎನ್‌ಎಗೆ ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಸವರಿ ಕಳಿಸಬೇಕು. ಹಾಗೆ ಸವರುವ ಮೊದಲು ಮರಿಗಳನ್ನು ಒಂದೆರಡು ಗಂಟೆ ತಾಯಿಯಿಂದ, ಒಂದರಿಂದೊಂದು ಬೇರೆ ಇಡಿ. ಬಾಯಲ್ಲಿ ಅಮ್ಮನ ಹಾಲಿದ್ದರೆ ಲ್ಯಾಬಿಗೆ ಅಮ್ಮನ ಜೀನೂ ಸೇರಿ ಹೋಗುತ್ತದೆ. ನಮ್ಮ ಮೊದಲ ಮಾದರಿ ಹಾಗೇ ಕೆಟ್ಟಿತು.

ಫಲಿತಾಂಶ: ಐದು ಹೊರಗಿನ ಗಂಡಿನವು, ಮೂರು ಮಗನವು. ಆ ಗಂಡಿನ ಮಾಲೀಕರಿಗೆ ನಾನು ಮೊದಲೇ ಎಲ್ಲ ಹೇಳಿದ್ದೆ. ಆ ಫೋನು ಮಾಡುವುದಕ್ಕೆ ಎರಡು ದಿನ ತಗೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ನನ್ನ ನಾಯಿಯ ಮಾದರಿ ಯಾವಾಗ ಕಳಿಸಲಿ?' ಅಂದರು.

ಮೂರರಲ್ಲಿ ಎರಡನ್ನು ಪೇಪರ್ ಇಲ್ಲದೆ, ಯಾಕೆ ಇಲ್ಲ ಅಂತ ಬರೆದುಕೊಟ್ಟು, ಸಂತಾನಹರಣದ ಷರತ್ತು ಹಾಕಿ ಸಾಕುವವರಿಗೆ ಕೊಟ್ಟೆ. ಒಬ್ಬರು ನಡುವೆ ಎದ್ದು ಹೋದರು, ಇಬ್ಬರು ಕೂತು ಪೂರ್ತಿ ಕೇಳಿದರು. ಮರಿಗಳು ಆ ಇಬ್ಬರ ಮನೆಗೆ ಹೋದವು. ಮಗನಿಗೂ ಆಪರೇಷನ್ ಮಾಡಿಸಿದೆ. ಆದ ಮೇಲೂ ಆರು ವಾರ ಹೆಣ್ಣುಗಳಿಂದ ದೂರ ಇಟ್ಟೆ, ಒಳಗೆ ಉಳಿದ ವೀರ್ಯ ತಕ್ಷಣ ಖಾಲಿಯಾಗುವುದಿಲ್ಲ.

ಮೂರನೆಯದಕ್ಕೆ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದಿತ್ತು. ಅದು ನಮ್ಮಲ್ಲೇ ಇದೆ. ಈಗ ಐದು ವರ್ಷ. ಹಗಲು ಚೆಂಡು ಹಿಡಿಯುತ್ತಾಳೆ. ಕತ್ತಲಾದರೆ ಹಿತ್ತಲ ಮೆಟ್ಟಿಲ ಹತ್ತಿರ ನಿಂತು ಕಾಲು ಚಾಚಿ ತಡಕುತ್ತಾಳೆ. ಹೊಸ ಚಿಲಕದ ಪಕ್ಕದಲ್ಲೇ ಅವಳಿಗಾಗಿ ಒಂದು ದೀಪ ಹಾಕಿಸಿದ್ದೇವೆ.